ಕಾದಂಬರಿಯೂ ಬಹುಮಾನವೂ

ಕಳೆದ ಚೈತ್ರಮಾಸದಲ್ಲಿ ನನ್ನ ಮಗಳು ಇಂಗ್ಲಿಷ್ ಕಾದಂಬರಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಅಪ್ಪಾ, ಇದನ್ನು ನೀವು ಓದಲೇಬೇಕು. ಇದು ನಿಮ್ಮ ಕಾರಂತರ ಚೋಮನಿಗೆ ದಾಯಾದಿ” ಎಂದಳು. ಪಾಠಶಾಲೆಯಲ್ಲಿ ಕಾವ್ಯವ್ಯಾಕರಣಗಳನ್ನು ಓದಿ, ಮೂವತ್ತು ವರ್ಷಕ್ಕೆ ಮಿಕ್ಕು ಪ್ರೌಢಶಾಲೆಯ ಮಕ್ಕಳಿಗೆ ಸಂಧಿಸಮಾಸಗಳನ್ನು ಹೇಳಿಕೊಟ್ಟು ನಿವೃತ್ತನಾದ ನನಗೆ ಇಂಗ್ಲಿಷಿನ ಓದು ಎತ್ತಿನ ಗಾಡಿಯಂತೆ ಸಾಗತಕ್ಕದ್ದು. ಆದರೂ ಒಂದು ಪಕ್ಷದೊಳಗಾಗಿ ಅದನ್ನು ಮುಗಿಸಿದೆನು. ಮುಗಿಸಿದ ರಾತ್ರಿ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣ ಪುಸ್ತಕದ ಗುಣವೊಂದೇ ಅಲ್ಲ. ನನ್ನದೇ ಒಂದು ಹಳೆಯ ತಪ್ಪು ಅದರಿಂದ ಎಚ್ಚೆತ್ತು ಕುಳಿತದ್ದು. ಆ ವಿಷಯವನ್ನು ಮುಂದೆ ಹೇಳುವೆನು.

ಪುಸ್ತಕವು ಮೂಲದಲ್ಲಿ ಪೋರ್ಚುಗೀಸ್ ಭಾಷೆಯದು. ಬ್ರೆಜಿಲ್ ದೇಶದ ಇಟಮಾರ್ ವಿಯೇರಾ ಜೂನಿಯರ್ ಎಂಬವರು ಬರೆದದ್ದು. ‘ತೋರ್ತು ಅರಾದು’ ಎಂದು ಅದರ ಹೆಸರು. ‘ಡೊಂಕು ನೇಗಿಲು’ ಎಂದರೆ ನಮಗೆ ಅರ್ಥವಾದೀತು. ಕರ್ತೃ ಭೂಗೋಳಶಾಸ್ತ್ರವನ್ನು ಓದಿ, ಅಲ್ಲಿಯ ಸರ್ಕಾರದ ಭೂಸುಧಾರಣೆಯ ಇಲಾಖೆಯಲ್ಲಿ ಉದ್ಯೋಗಕ್ಕಿದ್ದವರು. ಈ ಕಾದಂಬರಿ ಅಚ್ಚಾಗುವುದಕ್ಕೆ ಮೊದಲೇ, 2018ರಲ್ಲಿ, ಪೋರ್ಚುಗಲ್ ದೇಶದ ಲೇಯಾ ಎಂಬ ಪ್ರಕಾಶನ ಸಂಸ್ಥೆಯವರ ಬಹುಮಾನವನ್ನು ಪಡೆಯಿತು. ಅಚ್ಚಾದ ಮೇಲೆ 2020ರಲ್ಲಿ ಇನ್ನೆರಡು ದೊಡ್ಡ ಬಹುಮಾನಗಳು ಬಂದವು. ಅದರ ಇಂಗ್ಲಿಷ್ ಅನುವಾದವು 2024ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಹುಮಾನದ ಕೊನೆಯ ಸುತ್ತಿನವರೆಗೆ ನಡೆಯಿತು. ಅದರ ಮರುವರ್ಷ, 2025ರಲ್ಲಿ, ಅದೇ ಬೂಕರ್ ನಮ್ಮ ಬಾನು ಮುಷ್ತಾಕರ ಕಥೆಗಳಿಗೆ ದೀಪಾ ಭಾಸ್ತಿಯವರ ಅನುವಾದದ ಮೂಲಕ ಬಂದದ್ದನ್ನು ವಾಚಕರು ಬಲ್ಲರು.

ಲೇಯಾ ಬಹುಮಾನದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಅದು 2008ರಲ್ಲಿ ಆರಂಭವಾಯಿತು. ಪೋರ್ಚುಗೀಸಿನಲ್ಲಿ ಬರೆದ, ಇನ್ನೂ ಅಚ್ಚಾಗದ ಕಾದಂಬರಿಗೆ ಮಾತ್ರ ಅದು ಸಲ್ಲುತ್ತದೆ. ಬರೆದವರು ಯಾವ ದೇಶದವರಾದರೂ ಆಗಬಹುದು. ಮೊದಲು 1 ಲಕ್ಷ ಯೂರೋ ಕೊಡುತ್ತಿದ್ದರು. ಅನಂತರ ಅದು 50 ಸಾವಿರಕ್ಕೆ ಇಳಿಯಿತು. ಹಣದ ಮಾತು ಹಾಗಿರಲಿ. ಅದರ ಎರಡು ನಿಯಮಗಳು ನನ್ನ ಮನಸ್ಸನ್ನು ಹಿಡಿದವು. ಹಸ್ತಪ್ರತಿಯ ಮೇಲೆ ಕರ್ತೃವಿನ ನಿಜವಾದ ಹೆಸರು ಇರಕೂಡದು, ಕಲ್ಪಿತನಾಮದಿಂದ ಕಳುಹಿಸಬೇಕು ಎಂಬುದು ಒಂದು. ತಕ್ಕ ಕೃತಿ ಕಾಣದಿದ್ದರೆ ತೀರ್ಪುಗಾರರು ಯಾರಿಗೂ ಕೊಡದೆ ಬಿಡಬಹುದು ಎಂಬುದು ಇನ್ನೊಂದು. ಈ ಎರಡನೆಯದು ಬರಿಯ ಕಾಗದದ ಮೇಲಿನ ನಿಯಮವಲ್ಲ: 2010, 2016, 2019 ಈ ವರ್ಷಗಳಲ್ಲಿ ಅವರು ಕೊಡಲೇ ಇಲ್ಲ. ಮೊದಲನೆಯದರ ಫಲವೂ ಕಣ್ಣಿಗೆ ಕಾಣುವಂತಹುದು. 2011ರಲ್ಲಿ ಗೆದ್ದವರು ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದಾಗ ತಮ್ಮ ಮೊದಲ ಕಾದಂಬರಿಯನ್ನು ಬರೆದ ಒಬ್ಬ ಇಂಜಿನಿಯರ್. ಹೆಸರು ಜುವಾಂವ್ ರಿಕಾರ್ದು ಪೆದ್ರು. ಹೆಸರಿನ ಮೇಲೆ ತೂಗಿದ್ದರೆ ಆ ತಕ್ಕಡಿಯಲ್ಲಿ ಅವರಿಗೆ ಗುಂಜಿಯಷ್ಟು ಭಾರವೂ ಇರುತ್ತಿರಲಿಲ್ಲ. ಅದೇ ಭಾಷೆಯಲ್ಲಿ ಕಮೋಯಿಂಶ್ ಎಂಬ ಮಹಾಕವಿಯ ಹೆಸರಿನದೊಂದು ಪ್ರಶಸ್ತಿಯೂ ಉಂಟು. ಆತ ನಮ್ಮ ನೆರೆಯ ಗೋವೆಯಲ್ಲಿ ಇದ್ದುಹೋದವನು. ಆ ಪ್ರಶಸ್ತಿಯನ್ನು ಪೋರ್ಚುಗಲ್ಲೂ ಬ್ರೆಜಿಲ್ಲೂ ಕೂಡಿ 1988ರಲ್ಲಿ ಸ್ಥಾಪಿಸಿದವು. ಅದು ಇಡೀ ಜೀವಮಾನದ ಸಾಹಿತ್ಯಸೇವೆಗೆ ಸಲ್ಲುವುದು. ಕೃತಿಗೆ ಒಂದು, ಕರ್ತೃವಿಗೆ ಒಂದು. ಎರಡನ್ನೂ ಅವರು ಬೆರೆಸಿಲ್ಲ. ನಮ್ಮಲ್ಲಿ ಬೆರೆತಿವೆ ಎಂಬುದೇ ನಾನು ಹೇಳಹೊರಟ ಮಾತು.

ಪ್ರಾಚೀನರು ಇದನ್ನು ಯೋಚಿಸಿರಲಿಲ್ಲವೆಂದು ಭಾವಿಸಬೇಕಾಗಿಲ್ಲ. ರಾಜಶೇಖರನು ಕಾವ್ಯಮೀಮಾಂಸೆಯ ಹತ್ತನೆಯ ಅಧ್ಯಾಯದಲ್ಲಿ, ದೊರೆಯಾದವನು ದೊಡ್ಡ ನಗರಗಳಲ್ಲಿ ಕಾವ್ಯಶಾಸ್ತ್ರಗಳ ಪರೀಕ್ಷೆಗಾಗಿ ಸಭೆಗಳನ್ನು ನಡೆಸಬೇಕೆಂದೂ, ಗೆದ್ದವರನ್ನು ಬ್ರಹ್ಮರಥದಲ್ಲಿ ಕೂರಿಸಿ ಪಟ್ಟ ಕಟ್ಟಬೇಕೆಂದೂ ವಿಧಿಸುತ್ತಾನೆ. ಉಜ್ಜಯಿನಿಯಲ್ಲಿ ಕಾಳಿದಾಸ ಭಾರವಿಗಳೂ ಪಾಟಲಿಪುತ್ರದಲ್ಲಿ ಪಾಣಿನಿ ಪತಂಜಲಿಗಳೂ ಹೀಗೆ ಪರೀಕ್ಷೆಗೆ ಒಳಗಾದರೆಂದು ಅಲ್ಲಿ ಹೇಳಿದೆ. ಪಾಣಿನಿಯೇ ಪರೀಕ್ಷೆಗೆ ಕುಳಿತನೆಂದು ಓದಿದಾಗ ವಿದ್ಯಾರ್ಥಿಗಳಾಗಿದ್ದ ನಮಗೆ ಎಷ್ಟು ಸಮಾಧಾನವಾಗುತ್ತಿತ್ತು! ನಮ್ಮ ಪಂಪನಿಗೆ ಅರಿಕೇಸರಿಯು ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನು. ಪೊನ್ನನಿಗೂ ಜನ್ನನಿಗೂ ಕವಿಚಕ್ರವರ್ತಿ ಬಿರುದು ಬಂದಿತು. ಆದರೆ ಇಲ್ಲೆಲ್ಲ ಕವಿಯು ಕೊಡುವವನ ಎದುರಿಗೇ ನಿಂತಿದ್ದಾನೆ. ಮುಖ ನೋಡಿ ಮಣೆ ಹಾಕುವ ಪದ್ಧತಿಯೇ. ಹೆಸರು ಮರೆಯಾದ ಕಥೆ ಎಂದರೆ ಧಾವಕನದೊಂದು. ಕಾವ್ಯದಿಂದ ಧನಪ್ರಾಪ್ತಿಯೂ ಉಂಟೆನ್ನುವುದಕ್ಕೆ ಮಮ್ಮಟನು ಶ್ರೀಹರ್ಷನಿಂದ ಹಣ ಪಡೆದ ಧಾವಕನನ್ನು ನಿದರ್ಶನವಾಗಿ ತರುತ್ತಾನೆ. ಅವನು ರತ್ನಾವಳಿಯನ್ನು ಬರೆದು ರಾಜನ ಹೆಸರಿಗೆ ಮಾರಿದನೆಂದು ವ್ಯಾಖ್ಯಾನಕಾರರು ಹೇಳುವರು. ಹೆಸರನ್ನು ಅಡಗಿಸಿದ್ದಕ್ಕೆ ಅಲ್ಲಿ ಬಹುಮಾನ ಬಂತೇನೋ ನಿಜ. ಅದು ನಾವು ಬಯಸತಕ್ಕ ಬಗೆಯಲ್ಲ. ಪ್ರಶಸ್ತಿ ಎಂಬ ಶಬ್ದವೂ ಆಗ ಕವಿಯು ದೊರೆಯನ್ನು ಹೊಗಳಿ ಕಲ್ಲಿನ ಮೇಲೆ ಬರೆದದ್ದಕ್ಕೆ ಹೆಸರಾಗಿದ್ದಿತು. ಈಗ ಕೊಡುವವರೇ ಕವಿಯನ್ನು ಹೊಗಳಿ ಬರೆದ ಫಲಕಕ್ಕೆ ಆ ಹೆಸರು ಸಂದಿದೆ.

ಇನ್ನು ನಮ್ಮ ಕಾಲಕ್ಕೆ ಬರುವೆನು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು 1955ರಿಂದ ಸಲ್ಲುತ್ತಿದೆ. ಅದು ಕಾದಂಬರಿಗೆಂದೇ ಇಟ್ಟದ್ದಲ್ಲ, ನಿಜ. ಆದರೆ ಕನ್ನಡ ಕಾದಂಬರಿಗೆ ದೇಶದ ಮನ್ನಣೆ ದೊರಕಿದ ದೊಡ್ಡ ಬಾಗಿಲು ಅದೇ. ಆ ಬಾಗಿಲು ಎಷ್ಟು ತಡವಾಗಿ ತೆರೆಯಿತೆಂಬುದನ್ನು ನೋಡಬೇಕಾದರೆ ಮೊದಲ ಇಪ್ಪತ್ತು ವರ್ಷಗಳ ಪಟ್ಟಿಯನ್ನು ಓದಬೇಕು. 1955ರಿಂದ 1974ರವರೆಗೆ ಮಹಾಕಾವ್ಯ, ಸಾಹಿತ್ಯ ಚರಿತ್ರೆ, ಕವಿತೆ, ರೂಪಕ, ಗೀತಾ ತಾತ್ಪರ್ಯ, ಸಣ್ಣಕಥೆ, ಸಂಸ್ಕೃತಿ ಸಮೀಕ್ಷೆ ಎಲ್ಲಕ್ಕೂ ಪ್ರಶಸ್ತಿ ಬಂದಿದೆ. ಕಾದಂಬರಿಗೆ ಬಂದದ್ದು ಎರಡೇ ಸಲ: 1962ರಲ್ಲಿ ದೇವುಡು ನರಸಿಂಹಶಾಸ್ತ್ರಿಗಳ ‘ಮಹಾಕ್ಷತ್ರಿಯ’ಕ್ಕೆ, 1964ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ಕ್ಕೆ. ಇದಕ್ಕೆ ಮೊದಲು, 1961ರಲ್ಲಿ, ಎ.ಆರ್. ಕೃಷ್ಣಶಾಸ್ತ್ರಿಗಳ ‘ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರ’ ಪ್ರಶಸ್ತಿ ಪಡೆಯಿತು. ಶಾಸ್ತ್ರಿಗಳ ಪುಸ್ತಕ ಅದಕ್ಕೆ ಅರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕನ್ನಡದ ಕಾದಂಬರಿಗಿಂತ ಮೊದಲು ಬಂಗಾಳದ ಕಾದಂಬರಿಕಾರನನ್ನು ಕುರಿತ ಪುಸ್ತಕಕ್ಕೆ ಮಣೆ ಬಿತ್ತೆಂಬುದು ನಗು ತರಿಸುವ ಸಂಗತಿಯಲ್ಲವೆ?

‘ಮಹಾಕ್ಷತ್ರಿಯ’ವನ್ನು ನಾನು ಆರು ಸಲವಾದರೂ ಓದಿರಬೇಕು. ದೇವುಡು ಮೀಮಾಂಸಾಶಾಸ್ತ್ರವನ್ನು ಕುಡಿದವರು. ಅವರ ಗದ್ಯದ ವಾಸನೆ ನನ್ನಂತಹ ಪಾಠಶಾಲೆಯವರಿಗೆ ತವರಿನ ವಾಸನೆ. ನಹುಷನು ತನ್ನ ಯೋಗ್ಯತೆಯಿಂದಲೇ ಇಂದ್ರಪದವಿಗೆ ಏರುತ್ತಾನೆ. ಅವನಾಗಿ ಬೇಡಿದ್ದಲ್ಲ, ದೇವತೆಗಳೇ ಕರೆದು ಕೂರಿಸಿದ್ದು. ಮಹಾಭಾರತದಲ್ಲಿ ಅವನ ಪತನ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ದೇವುಡು ಏರಿಕೆಗೂ ಇಳಿತಕ್ಕೂ ನಡುವಿನ ಮನಸ್ಸನ್ನು ತೆರೆದಿಡುತ್ತಾರೆ. ಈ ಮನಸ್ಸನ್ನು ತೆರೆಯುವ ವಿದ್ಯೆಯನ್ನು ಅವರು ಮೂವತ್ತು ವರ್ಷ ಹಿಂದೆಯೇ ‘ಅಂತರಂಗ’ವೆಂಬ ಸಾಮಾಜಿಕ ಕಾದಂಬರಿಯಲ್ಲಿ ಸಾಧಿಸಿದ್ದರು. ಪ್ರಶಸ್ತಿಯ ಕಣ್ಣಿಗೆ ಅದು ಕಾಣಬೇಕಾದರೆ ಪುರಾಣದ ಉಡುಪು ಬೇಕಾಯಿತೋ ಏನೋ. ಪ್ರಶಸ್ತಿ ಬಂದ ವರ್ಷವೇ ಅಕ್ಟೋಬರಿನಲ್ಲಿ ದೇವುಡು ತೀರಿಕೊಂಡರು.

ಇದೇ ಅವಧಿಯಲ್ಲಿ ಕನ್ನಡದಲ್ಲಿ ಅಚ್ಚಾದ ಕಾದಂಬರಿಗಳನ್ನು ಸ್ಮರಿಸಿಕೊಳ್ಳಿ. ರಾವಬಹದ್ದೂರರ ‘ಗ್ರಾಮಾಯಣ’ 1957ರದು. ‘ಸಂಸ್ಕಾರ’ವೂ ‘ವಂಶವೃಕ್ಷ’ವೂ 1965ರವು. ‘ಮಲೆಗಳಲ್ಲಿ ಮದುಮಗಳು’ 1967, ‘ಮೂಕಜ್ಜಿಯ ಕನಸುಗಳು’ 1968. ಇವುಗಳಲ್ಲಿ ಒಂದಕ್ಕೂ ಅಕಾಡೆಮಿಯ ಪ್ರಶಸ್ತಿ ಬರಲಿಲ್ಲ. ತೀರ್ಪುಗಾರರು ಕುರುಡರಾಗಿದ್ದರೆಂದು ನಾನು ಹೇಳುವುದಿಲ್ಲ. ದೋಷ ನಿಯಮದಲ್ಲಿಯೇ ಉಂಟು. ಒಮ್ಮೆ ಪ್ರಶಸ್ತಿ ಪಡೆದ ಲೇಖಕನಿಗೆ ಮತ್ತೊಮ್ಮೆ ಕೊಡತಕ್ಕದ್ದಲ್ಲವೆಂದು ಅಕಾಡೆಮಿಯ ಕಟ್ಟಳೆ. ಕುವೆಂಪು ಅವರಿಗೆ 1955ರಲ್ಲಿಯೇ ರಾಮಾಯಣದರ್ಶನಕ್ಕಾಗಿ ಸಂದಿದ್ದುದರಿಂದ ಮದುಮಗಳಿಗೆ ಬಾಗಿಲು ಮುಚ್ಚಿತ್ತು. ಕಾರಂತರಿಗೆ 1959ರಲ್ಲಿ ‘ಯಕ್ಷಗಾನ ಬಯಲಾಟ’ಕ್ಕೆ ಕೊಟ್ಟಾಗಿದ್ದರಿಂದ ಮೂಕಜ್ಜಿಯು ಹೊರಗೇ ನಿಂತಳು. ಕನ್ನಡದ ಅತಿ ದೊಡ್ಡ ಕಾದಂಬರಿಕಾರರಿಗೆ ಬಯಲಾಟದ ಮೇಲಿನ ಪ್ರಬಂಧಕ್ಕೆ ಮನ್ನಣೆ! ಯಶವಂತ ಚಿತ್ತಾಲರಿಗೂ ಹಾಗೆಯೇ ಆಯಿತು: 1979ರ ‘ಶಿಕಾರಿ’ಗಲ್ಲ, 1983ರಲ್ಲಿ ಕಥಾಸಂಕಲನಕ್ಕೆ. ಬಹುಮಾನವು ಕೃತಿಗೆ ಎಂದಮೇಲೆ, ಅದೇ ಕೈ ಅದಕ್ಕಿಂತ ಮಿಗಿಲಾದದ್ದನ್ನು ಬರೆದಾಗ ಕೊಡಬಾರದೇಕೆ? ಕೊಡಬಾರದು ಎಂದೊಡನೆ ಅದು ಕೃತಿಗೆ ಕೊಟ್ಟದ್ದಲ್ಲ, ವ್ಯಕ್ತಿಯ ಸರದಿ ತೀರಿಸಿದ್ದು ಎಂದಂತಾಯಿತು. ಹಂತಿಯಲ್ಲಿ ಕುಳಿತವರಿಗೆ ಒಬ್ಬೊಬ್ಬರಿಗೆ ಒಂದೊಂದು ಹೋಳಿಗೆ ಎಂಬ ಊಟದ ನ್ಯಾಯ ಇದು.

ಕೊಡದೆ ಇರುವ ಧೈರ್ಯವೂ ಅಕಾಡೆಮಿಗೆ ಒಂದು ಕಾಲಕ್ಕೆ ಇದ್ದಿತು. 1957ರಲ್ಲಿಯೂ 1963ರಲ್ಲಿಯೂ ಕನ್ನಡಕ್ಕೆ ಪ್ರಶಸ್ತಿಯಿಲ್ಲ. 1964ರಿಂದ 2024ರವರೆಗೆ ಒಂದು ವರ್ಷವೂ ತಪ್ಪಿಲ್ಲ. ವರ್ಷಕ್ಕೊಂದು ಉತ್ತಮ ಕೃತಿ ತಪ್ಪದೆ ಹುಟ್ಟಿತೆಂದು ಸಂತೋಷಪಡುವವರು ಪಡಲಿ.

ಮೂಕಜ್ಜಿಯನ್ನು 1977ರ ಜ್ಞಾನಪೀಠವು ಒಳಕ್ಕೆ ಕರೆಯಿತು. ಆಗ ಆ ಪ್ರಶಸ್ತಿಯು ಒಂದು ಕೃತಿಯನ್ನು ಹೆಸರಿಸಿ ಕೊಡತಕ್ಕದ್ದಾಗಿತ್ತು. 1982ರ ಸುಮಾರಿಗೆ ಅದು ಸಮಗ್ರ ಸಾಹಿತ್ಯಕ್ಕೆಂದು ಬದಲಾಯಿತು. ಆದುದರಿಂದ 1983ರ ಜ್ಞಾನಪೀಠವು ಮಾಸ್ತಿಯವರಿಗೆ ‘ಚಿಕವೀರ ರಾಜೇಂದ್ರ’ಕ್ಕಾಗಿ ಬಂತೆಂದು ನಮ್ಮ ಮನೆಗಳಲ್ಲಿ ಹೇಳುವ ಮಾತು ನೇರಾಗಿ ಸರಿಯಲ್ಲ, ಆ ಕಾದಂಬರಿಯ ತೂಕ ಅದರಲ್ಲಿ ಎಷ್ಟೇ ಇರಲಿ. ಆಗ ಅವರಿಗೆ ತೊಂಬತ್ತು ದಾಟಿತ್ತು. ಗವೀಪುರದ ಅವರ ಮನೆ ನಮ್ಮ ಜಯನಗರಕ್ಕೆ ನಡೆದು ಹೋಗುವಷ್ಟು ಹತ್ತಿರ. ಸಭೆಗಳಲ್ಲಿ ದೂರದಿಂದ ಅವರನ್ನು ಕಂಡ ನಮ್ಮಂತಹ ಹುಡುಗರಿಗೆ, ಆ ಪ್ರಶಸ್ತಿಯಿಂದ ಅವರಿಗೆ ಏನು ಕೂಡಿತೆಂಬುದು ತಿಳಿಯಲಿಲ್ಲ. ಪ್ರಶಸ್ತಿಗೆ ಏನು ಕೂಡಿತೆಂಬುದು ತಿಳಿಯಿತು. ‘ಚಿಕವೀರ ರಾಜೇಂದ್ರ’ ಹೊರಬಂದದ್ದು 1956ರಲ್ಲಿ. ಕೃತಿಗೆ ಬಹುಮಾನವೆಂದರೆ ಆಗಲೇ ಆಗಬೇಕಾಗಿದ್ದಿತು.

ಅನಂತರದ ವರ್ಷಗಳಲ್ಲಿ ಅಕಾಡೆಮಿ ಕಾದಂಬರಿಗೆ ಉದಾರವಾಯಿತು. ‘ದಾಟು’, ‘ವೈಶಾಖ’, ‘ದುರ್ಗಾಸ್ತಮಾನ’, ‘ಬಂಡಾಯ’, ‘ಚಿದಂಬರ ರಹಸ್ಯ’, ‘ಅವಧೇಶ್ವರಿ’ ಹೀಗೆ ಸಾಲು. ಇವುಗಳನ್ನೆಲ್ಲ ಒಂದೊಂದಾಗಿ ವಿಮರ್ಶಿಸುವುದಕ್ಕೆ ಇಲ್ಲಿ ಅವಕಾಶವಿಲ್ಲ. ಪೋರ್ಚುಗೀಸರ ಮಾತು ಬಂದದ್ದರಿಂದ 2011ರ ‘ಸ್ವಪ್ನ ಸಾರಸ್ವತ’ದ ಬಳಿ ಒಂದು ಗಳಿಗೆ ನಿಲ್ಲುವೆನು. ಗೋವೆಯನ್ನು ಆಲ್ಬುಕರ್ಕನು 1510ರಲ್ಲಿ ಹಿಡಿದನು. ಅರ್ಧ ಶತಮಾನ ಕಳೆಯುವುದರೊಳಗೆ, 1560ರಲ್ಲಿ, ಮತವಿಚಾರಣೆಯ ನ್ಯಾಯಸ್ಥಾನವೂ ಅಲ್ಲಿ ಬಂದು ಕುಳಿತಿತು. ಮನೆದೇವರನ್ನು ಎತ್ತಿಕೊಂಡು ದಕ್ಷಿಣಕ್ಕೆ ಬಂದ ಸಾರಸ್ವತರ ನಾಲ್ಕು ಶತಮಾನಗಳ ಕಥೆಯನ್ನು ಗೋಪಾಲಕೃಷ್ಣ ಪೈಯವರು ಹೇಳಿದ್ದಾರೆ. ದಿಗಂಬರನಾಗಿ ಅಲೆಯುವ ನಾಗ್ಡೊ ಬೇತಾಳನು ಬಂದಲ್ಲೆಲ್ಲ ಪುಟಗಳು ಜೀವ ತಳೆಯುತ್ತವೆ. ಕಥೆ ಕುಂಬಳೆಯ ಸೀಮೆಯಲ್ಲಿ ನೆಲೆಯೂರಿದ ಮೇಲೆ ವಂಶಾವಳಿಯ ಭಾರದಿಂದ ಅಲ್ಲಲ್ಲಿ ಬಳಲುತ್ತದೆಂದು ನನಗೆ ಕಂಡಿದೆ. ಅದೇನೇ ಇರಲಿ, ಅದು ತಕ್ಕ ಕೃತಿಗೆ ಬಂದ ಬಹುಮಾನ. ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಅದೇ ಕಾಲದ ಲಿಸ್ಬನ್ ನಗರವನ್ನೂ ವಿಜಯನಗರವನ್ನೂ ಎರಡು ನದಿಗಳ ದಡದಿಂದ ನೋಡುತ್ತದೆ. ಪಾದ್ರಿ, ಚಾವಿ, ಅಲಮಾರು, ಬಟಾಟೆ ಎಂಬ ಮಾತುಗಳನ್ನು ನಮಗೆ ಬಿಟ್ಟುಹೋದ ಆ ಭಾಷೆಯಿಂದ ಅನ್ನ ಬೇಯಿಸುವ ಕೋಣೆಯವರೆಗೂ ಏನೇನೋ ಬಂದಿತು. ಕಾದಂಬರಿಯೊಂದು ನನ್ನ ಮೇಜಿಗೆ ಬರುವುದಕ್ಕೆ ಐದು ಶತಮಾನ ಹಿಡಿಯಿತು.

ಆ ಕಾದಂಬರಿಗೆ ಹಿಂದಿರುಗುವೆನು. ಬ್ರೆಜಿಲ್ಲಿನ ಒಳನಾಡಿನಲ್ಲಿ ಒಂದು ದೊಡ್ಡ ಜಮೀನು. ಅದನ್ನು ಉತ್ತು ಬಿತ್ತುವವರು ಗುಲಾಮರ ಸಂತತಿಯವರು. 1888ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು. ನೆಲ ಮಾತ್ರ ಇವರದಾಗಲಿಲ್ಲ. ಇವರು ಅಲ್ಲಿ ಮಣ್ಣಿನ ಗುಡಿಸಲು ಕಟ್ಟಿಕೊಳ್ಳಬಹುದು. ಇಟ್ಟಿಗೆಯ ಗೋಡೆ ಏಳಿಸಕೂಡದು, ಏಕೆಂದರೆ ಇಟ್ಟಿಗೆ ನಿಲ್ಲುತ್ತದೆ. ಅಕ್ಕತಂಗಿಯರಿಬ್ಬರು ಅಜ್ಜಿಯ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಅಡಗಿಸಿದ್ದ ಚೂರಿಯನ್ನು ತೆಗೆದು ಬಾಯಿಗಿಟ್ಟುಕೊಳ್ಳುವರು. ಒಬ್ಬಳ ನಾಲಿಗೆ ತುಂಡಾಗುತ್ತದೆ. ಯಾರ ನಾಲಿಗೆ ಎಂಬುದನ್ನು ಕರ್ತೃ ಬಹು ದೂರದವರೆಗೆ ಹೇಳುವುದಿಲ್ಲ; ಒಬ್ಬಳು ಇನ್ನೊಬ್ಬಳ ಬಾಯಾಗಿ ಬದುಕುವುದು ಹೇಗೆಂಬುದನ್ನೇ ಹೇಳುತ್ತಾರೆ. ನನ್ನ ಮಗಳ ಮಾತು ಸುಳ್ಳಲ್ಲ. 1933ರ ‘ಚೋಮನ ದುಡಿ’ಯಲ್ಲಿ ಅಸ್ಪೃಶ್ಯನೆನಿಸಿದ ಜೀತದಾಳು ಬಯಸಿದ್ದೂ ಉಳುವ ನೆಲವನ್ನೇ. ಚೋಮನಿಗೆ ಎತ್ತುಗಳಿದ್ದವು, ಗದ್ದೆಯಿರಲಿಲ್ಲ. ಅವನು ದುಡಿಯಲ್ಲಿ ಮಾತನಾಡಿದನು. ಇಲ್ಲಿ ನಾಲಿಗೆಯಿಲ್ಲದವಳು ನೇಗಿಲಿನಲ್ಲಿ ಮಾತನಾಡುವಳು. ಆದರೆ ಕಾರಂತರು ಚೋಮನ ಪಕ್ಕದಲ್ಲಿ ನಿಂತು ಕಥೆ ಹೇಳಿದರು. ಬ್ರೆಜಿಲ್ಲಿನವರು ಬಾಯನ್ನೇ ಆ ಹೆಂಗಸರಿಗೆ ಬಿಟ್ಟುಕೊಟ್ಟರು. ಮೂರನೆಯ ಭಾಗದಲ್ಲಿ ಮನುಷ್ಯರೂ ಇಲ್ಲ. ಆ ಜನ ಮೈಮೇಲೆ ಆವಾಹಿಸಿಕೊಳ್ಳುವ ಒಂದು ದೈವವೇ ಕಥೆಯನ್ನು ಮುಂದುವರಿಸುತ್ತದೆ.

ಇಲ್ಲಿಗೆ ಬಂದಾಗ ನನಗೆ ದೇವನೂರ ಮಹಾದೇವರ ‘ಕುಸುಮಬಾಲೆ’ ನೆನಪಾಯಿತು. ಅದು 1988ರಲ್ಲಿ ಪ್ರಕಟವಾಗಿ 1990ರ ಅಕಾಡೆಮಿ ಪ್ರಶಸ್ತಿಯನ್ನು ಪಡೆಯಿತು. ಅದರಲ್ಲಿಯೂ ದೀಪದ ಜೋತಮ್ಮಂದಿರು ಸೇರಿ ಮಾತನಾಡುತ್ತಾರೆ, ಮಂಚವು ಕಥೆ ಹೇಳುತ್ತದೆ. ಪ್ರಶಸ್ತಿ ಬಂದಾಗ ನಾನು ಆ ಪುಸ್ತಕವನ್ನು ಹತ್ತು ಪುಟ ಓದಿ ಮಡಿಸಿಟ್ಟವನು. ಚಾಮರಾಜನಗರ ನಂಜನಗೂಡಿನ ಕಡೆಯ ಆಡುಮಾತನ್ನು ಹಾಗೆಯೇ ಕಾಗದಕ್ಕಿಳಿಸಿದ್ದು ನನಗೆ ವ್ಯಾಕರಣದ ಮೇಲೆ ನಡೆದ ಹಲ್ಲೆಯಾಗಿ ಕಂಡಿತು. ಅಧ್ಯಾಪಕರ ಕೊಠಡಿಯಲ್ಲಿ ಹಾಸ್ಯವನ್ನೂ ಮಾಡಿದ್ದುಂಟು. ಬಹು ವರ್ಷಗಳ ಮೇಲೆ ನಮ್ಮ ಶಾಲೆಯ ಒಬ್ಬ ಜವಾನರು, ಆ ಸೀಮೆಯವರು, ಮಧ್ಯಾಹ್ನದ ಬಿಡುವಿನಲ್ಲಿ ಅದನ್ನು ಗಟ್ಟಿಯಾಗಿ ಓದಿದ್ದನ್ನು ಕೇಳಿದೆನು. 'ಅಯ್ಯೋ, ಇದು ಕಣ್ಣಿನ ಪುಸ್ತಕವಲ್ಲ, ಕಿವಿಯ ಪುಸ್ತಕ' ಎಂದು ಆಗ ಅರಿವಾಯಿತು. 1990ರ ತೀರ್ಪುಗಾರರ ಕಿವಿ ನನ್ನ ಕಿವಿಗಿಂತ ಎಷ್ಟೋ ಮೇಲಾಗಿತ್ತು. ಅಕಾಡೆಮಿಯನ್ನು ಮೇಲೆ ಇಷ್ಟು ಆಕ್ಷೇಪಿಸಿದವನು ಇದನ್ನು ಹೇಳದೆ ಹೋಗಬಾರದು.

ಆ ಅರಿವಾಗುವುದಕ್ಕೆ ಮೊದಲೇ ನಾನು ತಪ್ಪು ಮಾಡಿಯಾಗಿದ್ದಿತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಬಡಾವಣೆಗಳ ಕಡೆಯ ಒಂದು ಸಂಘದವರು ಅಪ್ರಕಟಿತ ಕಾದಂಬರಿಗೆ ಸ್ಪರ್ಧೆಯನ್ನಿಟ್ಟು, ಮೂವರು ಪರೀಕ್ಷಕರಲ್ಲಿ ಒಬ್ಬನಾಗಿ ನನ್ನನ್ನು ಕರೆದರು. ಹೆಸರುಗಳನ್ನು ಬೇರೆ ಲಕೋಟೆಯಲ್ಲಿ ಅಂಟಿಸಿ ಇಟ್ಟಿದ್ದರು. ಗೆಲ್ಲದವರ ಲಕೋಟೆಯನ್ನು ಒಡೆಯದೆ ಹಸ್ತಪ್ರತಿಯೊಂದಿಗೆ ಹಿಂದಿರುಗಿಸುವುದೆಂದು ಗೊತ್ತಾಗಿತ್ತು. ಲೇಯಾದವರ ನಿಯಮಕ್ಕೆ ನಮ್ಮದು ಕಡಿಮೆಯಿರಲಿಲ್ಲ. ಒಂಬತ್ತು ಹಸ್ತಪ್ರತಿಗಳು ಬಂದವು. ಅವುಗಳಲ್ಲಿ ಒಂದು ಗೆರೆ ಹಾಕಿದ ಶಾಲೆಯ ನೋಟುಪುಸ್ತಕಗಳಲ್ಲಿತ್ತು, ನಾಲ್ಕು ಪುಸ್ತಕ. ಅಕ್ಷರ ದುಂಡು, ಹೈಸ್ಕೂಲಿನ ಹುಡುಗಿಯದೆಂಬಂತೆ. ಬರೆದ ಕೈ ಬೇರೆ, ಹೇಳಿದ ಬಾಯಿ ಬೇರೆ ಎಂದು ಈಗ ನನಗೆ ತೋರುತ್ತದೆ, ಆಗ ತೋರಲಿಲ್ಲ.

ಅದು ಸಾರಕ್ಕಿಯ ಕಥೆ. ಇಂದು ಜೆ.ಪಿ. ನಗರವೆಂದು ಕರೆಯುವ ಬೀದಿಗಳು ರಾಗಿಯ ಹೊಲಗಳಾಗಿದ್ದಾಗಿನಿಂದ ತೊಡಗಿ, ಅಳತೆಯ ಸರಪಳಿ ಬಂದು ನಿವೇಶನಗಳಾಗುವವರೆಗೆ ಒಂದು ಮನೆತನಕ್ಕೆ ಏನೇನಾಯಿತೆಂಬುದು ವಸ್ತು. ಮುಪ್ಪಿನ ಹೆಂಗಸೊಬ್ಬಳು ತಮ್ಮ ಹೊಲದ ಬಾವಿ ಎಲ್ಲಿತ್ತೆಂದು ಹೆಜ್ಜೆಯಲ್ಲಿ ಅಳೆದುಕೊಂಡು ಪ್ರತಿದಿನವೂ ಹೋಗುವಳು. ಬಾವಿ ಇದ್ದ ಜಾಗದಲ್ಲಿ ಈಗ ಯಾರದೋ ಮನೆಯ ಅಡಿಗೆಕೋಣೆ. ಆ ಮನೆಯೊಡತಿಗೆ ನೀರಿಲ್ಲದ ಬೇಸಗೆಯಲ್ಲಿ ಈಕೆ, “ನಿಮ್ಮ ಒಲೆ ಅಡೀಲೇ ಐತೆ ಕಣಮ್ಮಾ” ಎನ್ನುವಳು. ಭಾಷೆಯೆಲ್ಲ ಹೀಗೆಯೇ: ಹಕಾರ ಅಕಾರವಾಗಿತ್ತು, ಮಹಾಪ್ರಾಣ ಬಿದ್ದುಹೋಗಿತ್ತು. ನಾನು ಮೊದಲ ಪುಸ್ತಕದಲ್ಲಿಯೇ ಕೆಂಪು ಶಾಯಿಯಿಂದ ತಿದ್ದಿದೆನು. ಸ್ಪರ್ಧೆಯ ಹಸ್ತಪ್ರತಿಯನ್ನು ತಿದ್ದುವ ಅಧಿಕಾರ ನನಗೆ ಯಾರು ಕೊಟ್ಟಿದ್ದರು? ಕಸುಬಿನ ಚಟ. ಮೂರನೆಯ ನೋಟುಪುಸ್ತಕದಲ್ಲಿ ಒಂದು ಅಧ್ಯಾಯವನ್ನು ಆ ಮುಚ್ಚಿದ ಬಾವಿಯೇ ಹೇಳುತ್ತದೆ. ಅಲ್ಲಿ ನಾನು ಅಂಚಿನಲ್ಲಿ, ‘ಅಚೇತನಕ್ಕೆ ವಾಕ್ಕು, ಅನೌಚಿತ್ಯ’ ಎಂದು ಬರೆದೆನು.

ಹೀಗೆ ಬರೆದವನು ಯಾರು? ಬಾಣಭಟ್ಟನ ‘ಕಾದಂಬರಿ’ಯನ್ನು ಗುರುಗಳ ಪದತಲದಲ್ಲಿ ಕುಳಿತು ಓದಿದವನು. ಅದರ ಕಥೆಯನ್ನು ಹೇಳುವುದು ಒಂದು ಗಿಳಿ! ಆ ಕೃತಿಯ ಹೆಸರೇ ನಮ್ಮ ಭಾಷೆಯಲ್ಲಿ ಈ ಸಾಹಿತ್ಯಪ್ರಕಾರಕ್ಕೆ ಹೆಸರಾಗಿದೆ. ಮೇಘವನ್ನು ದೂತನನ್ನಾಗಿ ಕಳುಹಿಸಿದ ಕಾಳಿದಾಸನಲ್ಲಿ ನನಗೆ ಅನೌಚಿತ್ಯ ಕಾಣಲಿಲ್ಲ. ಸಾರಕ್ಕಿಯ ಬಾವಿ ಬಾಯಿ ತೆರೆದಾಗ ಕಂಡಿತು. ರಾಜಶೇಖರನು ವಿಮರ್ಶಕರನ್ನು ನಾಲ್ಕು ಬಗೆ ಮಾಡಿದ್ದಾನೆ: ಏನೂ ರುಚಿಸದವನು, ಹುಲ್ಲು ಸಹಿತ ಎಲ್ಲವನ್ನೂ ಮೇಯುವವನು, ಹೊಟ್ಟೆಕಿಚ್ಚಿನವನು, ತತ್ತ್ವವನ್ನು ಹಿಡಿಯುವವನು. ಕೊನೆಯವನು ಸಾವಿರಕ್ಕೊಬ್ಬ. ನಾನು ಆ ಸಾವಿರಕ್ಕೊಬ್ಬನೆಂದು ಭಾವಿಸಿದ್ದೆನು. ನನ್ನಂತಹ ಐದನೆಯವನನ್ನು, ಕಾಗುಣಿತ ಶುದ್ಧವಿದ್ದರೆ ಮಾತ್ರ ರುಚಿ ನೋಡುವವನನ್ನು, ರಾಜಶೇಖರನು ಕಂಡಿರಲಿಲ್ಲ.

ಬಹುಮಾನವು ಹೊಯ್ಸಳರ ಕಾಲದ ಒಂದು ಅಚ್ಚುಕಟ್ಟಾದ ಕಥೆಗೆ ಹೋಯಿತು. ಅದಕ್ಕೆ ಮೊದಲ ಅಂಕ ಕೊಟ್ಟವನು ನಾನೇ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಇಂದು ಅದರ ನಾಯಕಿಯ ಹೆಸರೂ ನನಗೆ ಜ್ಞಾಪಕವಿಲ್ಲ. ನೋಟುಪುಸ್ತಕಗಳು ಲಕೋಟೆ ಒಡೆಯದೆ ಹಿಂದಿರುಗಿದವು, ನನ್ನ ಕೆಂಪು ಶಾಯಿಯನ್ನು ಹೊತ್ತುಕೊಂಡು. ಆ ಕಾದಂಬರಿ ಅಚ್ಚಾದುದನ್ನು ನಾನು ಎಲ್ಲಿಯೂ ಕಂಡಿಲ್ಲ. ‘ಡೊಂಕು ನೇಗಿಲ’ನ್ನು ಮುಗಿಸಿದ ರಾತ್ರಿ ನನ್ನನ್ನು ಎಬ್ಬಿಸಿ ಕೂರಿಸಿದ್ದು ಆ ಅಜ್ಜಿ. ಲಿಸ್ಬನ್ನಿನ ಸಭೆಯಲ್ಲಿ ನಾನು ಕುಳಿತಿದ್ದರೆ ದೈವವು ಮಾತನಾಡುವ ಭಾಗದ ಅಂಚಿನಲ್ಲಿ ಏನು ಬರೆಯುತ್ತಿದ್ದೆನೆಂದು ಯೋಚಿಸಿ ನಾಚಿಕೆಯಾಯಿತು.

ಆದುದರಿಂದ ಹೆಸರನ್ನು ಮರೆಮಾಡಿದರೆ ಸಾಕು, ನ್ಯಾಯ ತಾನಾಗಿ ಬರುವುದು ಎಂದು ನಾನು ವಾದಿಸಲಾರೆ. ಹೆಸರು ಮುಚ್ಚಿದರೂ ಊರು ಮುಚ್ಚುವುದಿಲ್ಲ, ಉಚ್ಚಾರಣೆ ಮುಚ್ಚುವುದಿಲ್ಲ. ಓದುವವನು ಅವೆರಡನ್ನೂ ಮೊದಲ ಪುಟದಲ್ಲಿಯೇ ಗುರುತಿಸಿ, ತನ್ನವರೋ ಹೆರವರೋ ಎಂದು ನಿರ್ಣಯಿಸಿಬಿಡುವನು. ಆದರೂ ಹೆಸರಿನ ಪಕ್ಷಪಾತ ಹೋದರೆ ಒಂದು ಪಕ್ಷಪಾತವಾದರೂ ಹೋಯಿತು. ಉಳಿದದ್ದಕ್ಕೆ ಪರೀಕ್ಷಕರ ಆಯ್ಕೆಯಲ್ಲಿ ಉಪಾಯವುಂಟು. ನಮ್ಮ ಜಿಲ್ಲಾ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಕಾದಂಬರಿಗೆ ಬಹುಮಾನವನ್ನಿಡುವ ಸೂಚನೆ ಬರುವುದೆಂದು ಕೇಳಿದ್ದೇನೆ. ಹಾಗಾದರೆ ಪರೀಕ್ಷಕರಲ್ಲಿ ಒಬ್ಬರಾದರೂ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿಸಿ ಕೇಳತಕ್ಕವರಾಗಿರಲಿ. ಹಳ್ಳಿಯ ಮಾತಿನಲ್ಲಿ ಬೆಳೆದವರೊಬ್ಬರಿರಲಿ. ವ್ಯಾಕರಣ ಪಂಡಿತರು ಒಬ್ಬರಿಗಿಂತ ಹೆಚ್ಚು ಬೇಡ. ತಕ್ಕದ್ದು ಸಿಗದಿದ್ದರೆ ಆ ವರ್ಷ ಹಣವನ್ನು ಗಂಟಿನಲ್ಲಿಯೇ ಇಟ್ಟುಕೊಳ್ಳಲಿ. ಶಾಲು ತಂದಾಗಿದೆ, ಅತಿಥಿಗಳನ್ನು ಕರೆದಾಗಿದೆ ಎಂಬ ಕಾರಣಕ್ಕೆ ಯಾರ ಹೆಗಲಿಗೂ ಹೊದಿಸುವುದು ಬೇಡ. ಒಮ್ಮೆ ಗೆದ್ದವರು ಮತ್ತೆ ಕಳುಹಿಸಬಾರದೆಂಬ ಕಟ್ಟಳೆಯೂ ಬೇಡ. ಪರೀಕ್ಷಕರಿಗೆ ಕೆಂಪು ಶಾಯಿಯ ಲೇಖನಿಯನ್ನು ಕೊಡಕೂಡದೆಂದು ಸೇರಿಸಿದರೆ ನನ್ನ ಆಕ್ಷೇಪಣೆಯಿಲ್ಲ.

ಆ ನಾಲ್ಕು ನೋಟುಪುಸ್ತಕಗಳನ್ನು ಬರೆದವರಾಗಲಿ, ಬರೆದುಕೊಟ್ಟ ಹುಡುಗಿಯಾಗಲಿ (ಆಕೆಗೆ ಈಗ ನಲವತ್ತರ ಹತ್ತಿರವಿರಬೇಕು) ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿದ್ದರೆ, ಅವುಗಳನ್ನು ಸಂಪಾದಕರ ಮೂಲಕ ನನಗೆ ಇನ್ನೊಮ್ಮೆ ತೋರಿಸುವ ಕೃಪೆ ಮಾಡಬೇಕೆಂದು ಬೇಡುತ್ತೇನೆ. ಮೂರನೆಯ ಪುಸ್ತಕವೊಂದೇ ಉಳಿದಿದ್ದರೂ ಸಾಕು. ಓದಿ ಹೇಳುವುದಕ್ಕೆ ನನ್ನ ಮಗಳು ಒಪ್ಪಿದ್ದಾಳೆ, ನಾನು ಕೇಳುತ್ತೇನೆ.